ಸರೌಂಡ್ ಸ್ಪೀಕರ್‌ಗಳಿಗೆ ರಿಸೀವರ್ ಒಂದೇ ಸಾಕೇ, ಬೇರೆ ಆಂಪ್ಲಿಫೈಯರ್ ಬೇಕೇ?

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಮನೆ ಕಟ್ಟಿಸುವವರು ಗಿಲಾವು ಮಾಡಿಸುವ ಮೊದಲೇ ಹಾಲ್‌ನ ಗೋಡೆಯಲ್ಲಿ ಸ್ಪೀಕರ್ ವೈರಿಗೆಂದು ಪೈಪು ಹಾಕಿಸಿಡುವುದು ಈಗ ರೂಢಿಯಾಗುತ್ತಿದೆ. ಪೈಪು ಹಾಕಿಸುವಾಗ ಏಳದ ಪ್ರಶ್ನೆ ಅಂಗಡಿಯಲ್ಲಿ ರಿಸೀವರ್ ಮುಂದೆ, ಅಂದರೆ ಸಿನಿಮಾದ ಸದ್ದನ್ನು ಬಿಡಿಸಿ ಒಳಗಿನ ಆಂಪ್ಲಿಫೈಯರ್‌ನಿಂದ ಎಲ್ಲ ಸ್ಪೀಕರ್‌ಗಳಿಗೂ ಹಂಚುವ ಯಂತ್ರದ ಮುಂದೆ, ನಿಂತಾಗ ಏಳುತ್ತದೆ. ಈ ಒಂದು ಡಬ್ಬಿ ಮುಂದಿನ ಮೂರು, ಪಕ್ಕದ ಎರಡು, ಬೇಕೆಂದರೆ ಮೇಲಿನ ಎರಡು ಸ್ಪೀಕರ್‌ಗಳನ್ನೂ ಸರಿಯಾಗಿ ನಡೆಸುತ್ತದೆಯೇ, ಇಲ್ಲವೇ ಅದರ ಜೊತೆಗೆ ಬೇರೆ ಪವರ್ ಆಂಪ್ಲಿಫೈಯರ್ ಕೊಳ್ಳಬೇಕೇ? ಅಂಗಡಿಯವರು ಒಂದು ಹೇಳುತ್ತಾರೆ, ಯೂಟ್ಯೂಬ್ ನೋಡಿದ ಗೆಳೆಯರು ಇನ್ನೊಂದು ಹೇಳುತ್ತಾರೆ, ಓಣಿಯ ರಿಪೇರಿಯವರು ಅರ್ಧ ಬೆಲೆಗೆ ತಾವೇ ಆಂಪ್ಲಿಫೈಯರ್ ಕಟ್ಟಿಕೊಡುತ್ತೇವೆ ಎನ್ನುತ್ತಾರೆ.

ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಮಧ್ಯಮ ದರ್ಜೆಯ ರಿಸೀವರ್ ಒಂದೇ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ತಮ್ಮ ಮನೆ ಆ ಬಹುಪಾಲಿನಲ್ಲಿ ಸೇರುತ್ತದೆಯೇ ಎಂಬುದನ್ನು ಪೆಟ್ಟಿಗೆಯ ಮೇಲಿನ ವ್ಯಾಟ್ ನೋಡಿ ತಿಳಿಯಲಾಗದು. ಅದಕ್ಕೆ ಒಂದು ಚಿಕ್ಕ ಲೆಕ್ಕ ಬೇಕು, ಮತ್ತು ಆ ಲೆಕ್ಕಕ್ಕೆ ಟೇಪು ಹಿಡಿದು ಅಳೆದ ದೂರವೊಂದು ಹಾಗೂ ಸ್ಪೀಕರ್‌ನ ಮಾಹಿತಿ ಪತ್ರದಲ್ಲಿರುವ ಒಂದೆರಡು ಅಂಕಿಗಳು ಸಾಕು.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಸ್ಪೀಕರ್‌ನ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದನ್ನು ಇದು ಹೇಳುತ್ತದೆ. ಮನೆಯ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ 84ರಿಂದ 92ರವರೆಗೆ ಇರುತ್ತದೆ. ಇದನ್ನು ಜನ ಗಮನಿಸುವುದೇ ಇಲ್ಲ. ಪವರ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. 10 ಡೆಸಿಬೆಲ್ ಹೆಚ್ಚಬೇಕಾದರೆ ಪವರ್ ಹತ್ತು ಪಟ್ಟಾಗಬೇಕು. ಅಂದರೆ 84ರ ಬದಲು 90 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಆಯ್ದುಕೊಂಡವರಿಗೆ ಆಂಪ್ಲಿಫೈಯರ್ ನಾಲ್ಕು ಪಟ್ಟು ದೊಡ್ಡದಾದಷ್ಟೇ ಲಾಭ, ಅದೂ ಕರೆಂಟ್ ಬಿಲ್ಲಿಗೆ ಹೊರೆಯಿಲ್ಲದೆ.

ಎರಡನೆಯದು ಕೂರುವ ಜಾಗಕ್ಕೂ ಸ್ಪೀಕರ್‌ಗೂ ಇರುವ ದೂರ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ 6 ಡೆಸಿಬೆಲ್ ಇಳಿಯುತ್ತದೆ. ಮನೆಯೊಳಗೆ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ಇಳಿಕೆ ಅಷ್ಟಿರುವುದಿಲ್ಲವಾದರೂ ಲೆಕ್ಕಕ್ಕೆ ಕಠಿಣ ಪಕ್ಷವನ್ನೇ ಹಿಡಿಯುವುದು ಕ್ಷೇಮ.

ಮೂರನೆಯದು ತಾವು ಎಷ್ಟು ಜೋರಾಗಿ ಕೇಳುವವರು ಎಂಬುದು, ಮತ್ತು ಇದಕ್ಕೆ ಪ್ರಾಮಾಣಿಕವಾದ ಉತ್ತರ ಬೇಕು. ಚಿತ್ರಮಂದಿರದ ರೆಫರೆನ್ಸ್ ಮಟ್ಟದಲ್ಲಿ, ಅಂದರೆ ಸಿನಿಮಾಕ್ಕೆಂದು ನಿಗದಿಯಾದ ಸದ್ದಿನ ಮಟ್ಟದಲ್ಲಿ, ಪರದೆಯ ಹಿಂದಿನ ಒಂದೊಂದು ಚಾನೆಲ್ಲಿನ (ಒಂದು ಸ್ಪೀಕರ್ ಪಾಲಿನ ಸದ್ದಿಗೆ ಚಾನೆಲ್ ಎನ್ನುತ್ತಾರೆ) ಗರಿಷ್ಠ ಸದ್ದು ಕೂರುವ ಜಾಗದಲ್ಲಿ 105 ಡೆಸಿಬೆಲ್ ಇರುತ್ತದೆ. ಮೈಕ್ ಇಟ್ಟು ಆಟೊ ಸೆಟಪ್ ಮಾಡಿದ ರಿಸೀವರ್‌ನಲ್ಲಿ ವಾಲ್ಯೂಮ್ 0 ಡೆಸಿಬೆಲ್ ಎಂದು ತೋರಿಸಿದಾಗ ತಲುಪಬೇಕಾದ ಮಟ್ಟ ಅದೇ. ಡೆನಾನ್ ರಿಸೀವರ್‌ಗಳ 0ಯಿಂದ 98ರ ಅಳತೆಯಲ್ಲಿ ಅದು 80. ಪಕ್ಕದ ಮನೆಯ ಗೋಡೆ ಮೂರಡಿ ಆಚೆಗಿರುವ, ಒಳಗಿನ ಕೋಣೆಯಲ್ಲಿ ಮಕ್ಕಳು ಓದುತ್ತಿರುವ ಮನೆಯಲ್ಲಿ ಅಷ್ಟು ಸದ್ದನ್ನು ಯಾರೂ ಬಹಳ ಹೊತ್ತು ಸಹಿಸುವುದಿಲ್ಲ. ಮೈನಸ್ 20ರಿಂದ ಮೈನಸ್ 15ರ ಆಸುಪಾಸಿನಲ್ಲೇ ಹೆಚ್ಚಿನವರ ಸಿನಿಮಾ ಮುಗಿಯುತ್ತದೆ, ಅಂದರೆ ಗರಿಷ್ಠ 85ರಿಂದ 90 ಡೆಸಿಬೆಲ್.

ಈಗ ಲೆಕ್ಕ ಹಾಕೋಣ. ವಿದ್ಯಾನಗರದಲ್ಲೋ ನವನಗರದಲ್ಲೋ 12 ಅಡಿಗೆ 16 ಅಡಿಯ ಹಾಲ್ ಇದೆ, ಸೋಫಾ ಮುಂದಿನ ಸ್ಪೀಕರ್‌ಗಳಿಂದ 10 ಅಡಿ, ಅಂದರೆ 3 ಮೀಟರ್ ದೂರದಲ್ಲಿದೆ, ಸ್ಪೀಕರ್‌ನ ಸೆನ್ಸಿಟಿವಿಟಿ 87 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. 3 ಮೀಟರ್‌ಗೆ 9.5 ಡೆಸಿಬೆಲ್ ಕಳೆದರೆ ಒಂದು ವ್ಯಾಟಿಗೆ ಸೋಫಾದಲ್ಲಿ ಕೇಳುವುದು 77.5. ಅದನ್ನು 85ಕ್ಕೆ ಒಯ್ಯಲು 6 ವ್ಯಾಟ್ ಸಾಕು. 90ಕ್ಕೆ 18 ವ್ಯಾಟ್ ಬೇಕು. ಆದರೆ 105 ಬೇಕೆಂದು ಹಟ ಹಿಡಿದರೆ ಅದೇ ಸ್ಪೀಕರ್ 560 ವ್ಯಾಟ್ ಕೇಳುತ್ತದೆ, ಅಷ್ಟನ್ನು ಮನೆಬಳಕೆಯ ಯಾವ ರಿಸೀವರ್ ಕೂಡ ಕೊಡುವುದಿಲ್ಲ, ಆ ಸ್ಪೀಕರ್‌ಗಳೂ ಬಹುಶಃ ತಾಳುವುದಿಲ್ಲ. ಪಕ್ಕದ ಸರೌಂಡ್ ಸ್ಪೀಕರ್‌ಗಳಂತೂ ಸೋಫಾಕ್ಕೆ ಇನ್ನೂ ಹತ್ತಿರ ಇರುತ್ತವೆ. 2 ಮೀಟರ್ ದೂರದಲ್ಲಿ 90 ಡೆಸಿಬೆಲ್‌ಗೆ 8 ವ್ಯಾಟ್ ಸಾಕಾಗುತ್ತದೆ, ಮತ್ತು ಮಳೆ, ಗುಂಪಿನ ಗದ್ದಲ, ಹಿನ್ನೆಲೆ ಸಂಗೀತದಂಥ ಸದ್ದೇ ಅವುಗಳಿಗೆ ಹೆಚ್ಚಾಗಿ ಬರುವುದರಿಂದ ಅಷ್ಟನ್ನೂ ಅವು ಸದಾ ಬಳಸುವುದಿಲ್ಲ. ನಿಜವಾದ ದುಡಿಮೆ ಮಾತುಗಳೆಲ್ಲ ಹೊರಡುವ ನಡುವಿನ ಸ್ಪೀಕರ್‌ನದು.

ನಾಲ್ಕನೆಯದು ಇಂಪೀಡೆನ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ; ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. 8 ಓಮ್ ಎಂದು ಬರೆದಿರುವ ಸ್ಪೀಕರ್ ಕೂಡ ಕೆಲವು ಸ್ವರಗಳಲ್ಲಿ 4 ಓಮ್‌ಗೆ ಇಳಿಯುವುದುಂಟು. 4 ಓಮ್ ಎಂದೇ ಬರೆದಿರುವುದು ಇನ್ನೂ ಕೆಳಗಿಳಿದೀತು. ಇಂಪೀಡೆನ್ಸ್ ಇಳಿದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಸೆನ್ಸಿಟಿವಿಟಿಯನ್ನು ಒಂದು ವ್ಯಾಟಿನ ಬದಲು 2.83 ವೋಲ್ಟ್‌ಗೆ ಅಳೆದಿದ್ದರೆ 4 ಓಮ್ ಸ್ಪೀಕರ್ ನಿಜಕ್ಕೂ ಪಡೆದಿರುವುದು 2 ವ್ಯಾಟ್. ಹಾಗಾಗಿ ಅಲ್ಲಿ ಬರೆದ ಅಂಕಿಯಿಂದ 3 ಡೆಸಿಬೆಲ್ ಕಳೆದು ಓದಬೇಕು.

ಪೆಟ್ಟಿಗೆಯ ಮೇಲಿನ ವ್ಯಾಟ್ ಎಂಬ ಸಂತೆ

ರಿಸೀವರ್‌ನ ಪೆಟ್ಟಿಗೆಯಲ್ಲಿ ದಪ್ಪ ಅಕ್ಷರದಲ್ಲಿರುವ ವ್ಯಾಟ್ ಬಹುತೇಕ ಒಂದೇ ಚಾನೆಲ್ ನಡೆಸಿ, 6 ಓಮ್‌ನಲ್ಲಿ, 1 ಕಿಲೊಹರ್ಟ್ಸ್ ಸ್ವರ ಒಂದನ್ನೇ ಕೊಟ್ಟು, 10 ಶೇಕಡಾ ವಿಕೃತಿಯನ್ನು ಒಪ್ಪಿಕೊಂಡು ಅಳೆದದ್ದು. 10 ಶೇಕಡಾ ವಿಕೃತಿ ಎಂದರೆ ಕಿವಿಗೆ ಸ್ಪಷ್ಟವಾಗಿ ಕೇಳುವ ಒಡಕು. ಓದಬೇಕಾದದ್ದು ಚಿಕ್ಕ ಅಕ್ಷರದ ಸಾಲು: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೊಹರ್ಟ್ಸ್, ಎರಡು ಚಾನೆಲ್ ಒಟ್ಟಿಗೆ, ವಿಕೃತಿ 0.1 ಶೇಕಡಾಕ್ಕಿಂತ ಕಡಿಮೆ. ಈ ಸಾಲಿನ ಪ್ರಕಾರ ಡೆನಾನ್‌ನ ಎವಿಆರ್-ಎಕ್ಸ್1800ಎಚ್ ಮಾದರಿಯದು 80 ವ್ಯಾಟ್, ಅದಕ್ಕಿಂತ ಬಹಳ ದುಬಾರಿಯಾದ ಎವಿಆರ್-ಎಕ್ಸ್3800ಎಚ್ ಮಾದರಿಯದು 105 ವ್ಯಾಟ್. ಈ ಎರಡರ ನಡುವಿನ ಸದ್ದಿನ ಅಂತರ ಸುಮಾರು 1.2 ಡೆಸಿಬೆಲ್, ಕಿವಿಗೆ ಸಿಕ್ಕರೂ ಸಿಕ್ಕೀತು, ಇಲ್ಲದಿದ್ದರೂ ಇಲ್ಲ. ದುಬಾರಿ ಮಾದರಿಗೆ ಕೊಡುವ ಹೆಚ್ಚಿನ ಹಣ ಹೋಗುವುದು ಹೆಚ್ಚು ಚಾನೆಲ್‌ಗಳಿಗೆ, ಎಲ್ಲ ಚಾನೆಲ್‌ಗಳ ಪ್ರಿ-ಔಟ್‌ಗಳಿಗೆ (ಹೊರಗಿನ ಆಂಪ್ಲಿಫೈಯರ್‌ಗೆ ಸದ್ದು ಕಳಿಸುವ ಸಾಕೆಟ್‌ಗಳಿಗೆ) ಮತ್ತು ಉತ್ತಮ ರೂಮ್ ಕರೆಕ್ಷನ್‌ಗೆ, ಅಂದರೆ ಮೈಕ್ ಇಟ್ಟು ಸದ್ದನ್ನು ಕೋಣೆಗೆ ಹೊಂದಿಸುವ ಸೌಲಭ್ಯಕ್ಕೆ. ಅವು ಬೇಕಾದವರು ಕೊಳ್ಳಲಿ. ವ್ಯಾಟಿಗಾಗಿ ಕೊಳ್ಳುವುದು ವ್ಯರ್ಥ.

ಎರಡು ಚಾನೆಲ್‌ಗೆ 80 ವ್ಯಾಟ್ ಎಂದರೆ ಐದಕ್ಕೂ 80 ಎಂದಲ್ಲ. ಎಲ್ಲ ಚಾನೆಲ್‌ಗಳಿಗೂ ಪವರ್ ಸಪ್ಲೈ ಒಂದೇ. ಮಾಳಿಗೆಯ ಮೇಲಿನ ಒಂದೇ ಟಾಕಿಯಿಂದ ಐದು ನಲ್ಲಿಗಳನ್ನು ಒಮ್ಮೆಗೇ ತಿರುವಿದಾಗ ಧಾರೆ ಸಣ್ಣದಾಗುವಂತೆ, ಎಲ್ಲವನ್ನೂ ಪೂರ್ತಿ ದುಡಿಸಿದಾಗ ಪ್ರತಿ ಚಾನೆಲ್ಲಿನ ಪಾಲು ಅರ್ಧದ ಹತ್ತಿರ ಇಳಿಯುವುದು ಈ ದರ್ಜೆಯಲ್ಲಿ ಸಾಮಾನ್ಯ. ಇದನ್ನು ಹಿಡಿದುಕೊಂಡು ಹೆದರಿಸುವವರು ಹೇಳದೆ ಬಿಡುವ ವಿಷಯ ಇಷ್ಟು: ಅರ್ಧವೆಂದರೆ ಕೇವಲ 3 ಡೆಸಿಬೆಲ್, ಮತ್ತು ಐದೂ ಚಾನೆಲ್‌ಗಳು ಒಂದೇ ಕ್ಷಣ ತುಂಬು ಸದ್ದಿನಲ್ಲಿ ಬೊಬ್ಬಿಡುವ ಸಿನಿಮಾ ಅಪರೂಪ.

ರಿಸೀವರ್ ಒಂದೇ

ಹಾಲ್ 200 ಚದರ ಅಡಿಯ ಆಸುಪಾಸಿನಲ್ಲಿದ್ದು, ಸೋಫಾ 12 ಅಡಿಯೊಳಗಿದ್ದು, ಸ್ಪೀಕರ್‌ಗಳು 6 ಅಥವಾ 8 ಓಮ್‌ನವಾಗಿ 86ಕ್ಕಿಂತ ಹೆಚ್ಚಿನ ಸೆನ್ಸಿಟಿವಿಟಿ ಹೊಂದಿದ್ದರೆ ಬೇರೆ ಯೋಚನೆ ಬೇಡ. ಆದರೆ ಈ ಆಯ್ಕೆ ಫಲಿಸಲು ಎರಡು ಕೆಲಸ ಮಾಡಲೇಬೇಕು.

ಒಂದು, ತನ್ನದೇ ಆಂಪ್ಲಿಫೈಯರ್ ಇರುವ ಸಬ್‌ವೂಫರ್ ಇಡುವುದು, ಮತ್ತು ಸೆಟಪ್ ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ ಸ್ಮಾಲ್ ಎಂದು ಗುರುತಿಸಿ ಕ್ರಾಸ್‌ಓವರನ್ನು, ಅಂದರೆ ಎಲ್ಲಿಂದ ಕೆಳಗಿನ ಸ್ವರಗಳು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸ್‌ಗೆ ನಿಲ್ಲಿಸುವುದು. ಹೆಚ್ಚು ವ್ಯಾಟ್ ತಿನ್ನುವುದು ಕೆಳಗಿನ ಬೇಸ್ ಸ್ವರಗಳೇ. ಅವು ಸಬ್‌ವೂಫರ್ ಪಾಲಿಗೆ ಹೋದರೆ ರಿಸೀವರ್‌ನ ಹೆಗಲ ಮೇಲಿನ ದೊಡ್ಡ ಭಾರ ಇಳಿಯುತ್ತದೆ. ಟವರ್ ಸ್ಪೀಕರ್ ಕೊಂಡವರಿಗೆ ಅದನ್ನು ಸ್ಮಾಲ್ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ, ಆಟೊ ಸೆಟಪ್ ಕೂಡ ಅನೇಕ ಸಲ ಅದನ್ನು ಲಾರ್ಜ್ ಎಂದೇ ಬರೆದಿಡುತ್ತದೆ. ಸೆಟಪ್ ಮುಗಿದ ಮೇಲೆ ಒಮ್ಮೆ ಮೆನುವಿಗೆ ಹೋಗಿ ಬದಲಿಸಿಕೊಳ್ಳಬೇಕು.

ಇನ್ನೊಂದು, ಗಾಳಿ. ನಮ್ಮಲ್ಲಿ ಟಿವಿಯ ಕೆಳಗೆ ಗಾಜಿನ ಬಾಗಿಲಿನ ಶೋಕೇಸ್ ಮಾಡಿಸಿ ಅದರೊಳಗೆ ರಿಸೀವರ್ ಕೂರಿಸುವ ಅಭ್ಯಾಸವಿದೆ. ಮೇಲೊಂದು ಸೆಟ್‌ಟಾಪ್ ಬಾಕ್ಸ್, ಅದರ ಮೇಲೊಂದು ಕಸೂತಿಯ ಬಟ್ಟೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ಸಿನಿಮಾದ ನಡುವೆ ರಿಸೀವರ್ ತಾನೇ ಆಫ್ ಆದರೆ ಪವರ್ ಸಾಲಲಿಲ್ಲ ಎಂದು ಹೊಸ ಆಂಪ್ಲಿಫೈಯರ್ ಹುಡುಕುವ ಮೊದಲು ಆ ಬಾಗಿಲು ತೆಗೆದು ನೋಡಬೇಕು. ಮೇಲ್ಭಾಗದಲ್ಲಿ ಕನಿಷ್ಠ ಒಂದು ಗೇಣು ಖಾಲಿ ಜಾಗ ಬಿಟ್ಟು, ಶೋಕೇಸ್‌ನ ಹಿಂಬದಿಯ ಹಲಗೆಯನ್ನು ಕೊಯ್ಯಿಸಿದರೆ ಅನೇಕ ಮನೆಗಳಲ್ಲಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ವೋಲ್ಟೇಜ್ ಇಳಿಯುತ್ತದೆ, ರಿಸೀವರ್ ಸೊರಗುತ್ತದೆ ಎಂಬ ಆತಂಕ ಹಳ್ಳಿಯ ಮನೆಗಳವರಲ್ಲಿ ಹೆಚ್ಚು. 230 ವೋಲ್ಟ್ ಇರಬೇಕಾದಲ್ಲಿ 200 ಇದ್ದರೆ ಗರಿಷ್ಠ ಪವರ್ ಸುಮಾರು ಕಾಲು ಭಾಗ ತಗ್ಗಬಹುದು, ಅದು ಮತ್ತೆ 1.2 ಡೆಸಿಬೆಲ್ ಅಷ್ಟೆ. ಭಯಪಡಬೇಕಾದದ್ದು ಕರೆಂಟ್ ಹೋಗಿ ಮರಳುವಾಗಿನ ಹೊಡೆತಕ್ಕೆ; ಒಳ್ಳೆಯ ಸ್ಟೆಬಿಲೈಜರ್ ಮತ್ತು ಸರಿಯಾದ ಅರ್ಥಿಂಗ್‌ಗೆ ಹಾಕಿದ ಹಣ ನಷ್ಟವಲ್ಲ. ಸೈನ್ ವೇವ್ ಅಲ್ಲದ ಹಳೆಯ ಇನ್ವರ್ಟರ್ ಲೈನಿಗೆ ರಿಸೀವರ್ ಜೋಡಿಸದಿರುವುದು ಲೇಸು.

ರಿಸೀವರ್ ಜೊತೆಗೆ ಎರಡು ಚಾನೆಲ್ಲಿನ ಪವರ್ ಆಂಪ್ಲಿಫೈಯರ್

ಇದು ಮೂರು ಬಗೆಯವರಿಗೆ ಮಾತ್ರ: 4 ಓಮ್‌ನ, ಕಡಿಮೆ ಸೆನ್ಸಿಟಿವಿಟಿಯ ಟವರ್ ಸ್ಪೀಕರ್‌ಗಳನ್ನು ಈಗಾಗಲೇ ಮನಸಾರೆ ಮೆಚ್ಚಿಕೊಂಡವರಿಗೆ, ಧಾರವಾಡದ ಹಳೆಯ ಹೆಂಚಿನ ಮನೆಯ ಉದ್ದನೆಯ ಪಡಸಾಲೆಯಂಥ ಎತ್ತರದ, ತೆರೆದ ಜಾಗದಲ್ಲಿ 15 ಅಡಿ ದೂರ ಕೂತು ಕೇಳುವವರಿಗೆ, ನಿಜವಾಗಿಯೂ ಜೋರಾಗಿ ಕೇಳುವವರಿಗೆ. ಮುಂದಿನ ಎಡ-ಬಲ ಸ್ಪೀಕರ್‌ಗಳನ್ನು ಹೊರಗಿನ ಆಂಪ್ಲಿಫೈಯರ್‌ಗೆ ಒಪ್ಪಿಸಿದರೆ ರಿಸೀವರ್‌ನ ಪವರ್ ಸಪ್ಲೈ ಪೂರ್ತಿಯಾಗಿ ನಡುವಿನ ಸ್ಪೀಕರ್ ಮತ್ತು ಸರೌಂಡ್‌ಗಳಿಗೆ ಉಳಿಯುತ್ತದೆ, ಬಿಸಿಯೂ ಕಡಿಮೆ.

ಲಾಭದ ಅಳತೆ ಮಾತ್ರ ತಿಳಿದಿರಲಿ. 80 ವ್ಯಾಟಿನಿಂದ 160ಕ್ಕೆ ಹೋದರೆ 3 ಡೆಸಿಬೆಲ್, 320ಕ್ಕೆ ಹೋದರೆ 6. ಮೈನಸ್ 20ರಲ್ಲಿ ಸಿನಿಮಾ ನೋಡುವವರಿಗೆ ಈ ಹೆಚ್ಚುವರಿ ಶಕ್ತಿ ಎಂದೂ ಕೆಲಸಕ್ಕೆ ಬರುವುದಿಲ್ಲ. ಇದಲ್ಲದೆ ಮಧ್ಯಮ ದರ್ಜೆಯ ಅನೇಕ ರಿಸೀವರ್‌ಗಳ ಹಿಂಬದಿಯಲ್ಲಿ ಸಬ್‌ವೂಫರ್ ಹೊರತು ಬೇರೆ ಪ್ರಿ-ಔಟ್‌ಗಳೇ ಇರುವುದಿಲ್ಲ. ಮುಂದೆಂದಾದರೂ ಆಂಪ್ಲಿಫೈಯರ್ ಸೇರಿಸುವ ಇರಾದೆ ಇರುವವರು ರಿಸೀವರ್ ಕೊಳ್ಳುವ ದಿನವೇ ಹಿಂಬದಿಯನ್ನು ತಿರುಗಿಸಿ ನೋಡಬೇಕು. ಎರಡು ಯಂತ್ರಗಳು ಬೇರೆ ಬೇರೆ ಗೋಡೆಯ ಸಾಕೆಟ್‌ಗಳಲ್ಲಿದ್ದಾಗ ಅರ್ಥ್‌ನಲ್ಲಿ ಸುತ್ತು ಉಂಟಾಗಿ ಗುಂಯ್ ಎಂಬ ಸದ್ದು ಬರುವುದು ಇನ್ನೊಂದು ತಲೆನೋವು; ಎರಡನ್ನೂ ಒಂದೇ ಸಾಕೆಟ್‌ನಿಂದ ಎಳೆದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಮದುವೆ, ಪೆಂಡಾಲ್ ಕೆಲಸದ ಸ್ಟೇಜ್ ಆಂಪ್ಲಿಫೈಯರ್‌ಗಳು ವ್ಯಾಟಿನ ಲೆಕ್ಕದಲ್ಲಿ ಅಗ್ಗ ನಿಜ, ಆದರೆ ಹೆಚ್ಚಿನವುಗಳ ಫ್ಯಾನ್ ಸದ್ದು ರಾತ್ರಿಯ ಹಾಲ್‌ನಲ್ಲಿ ಎದ್ದು ಕೇಳುತ್ತದೆ.

ಮಿಕ್ಕ ಚಾನೆಲ್‌ಗಳನ್ನು ಬಳಸಿ ಅದೇ ರಿಸೀವರ್‌ನಿಂದ ಮುಂದಿನ ಸ್ಪೀಕರ್‌ಗಳಿಗೆ ಬೈ-ಆಂಪ್ ಮಾಡುವ, ಅಂದರೆ ಒಂದೇ ಸ್ಪೀಕರ್‌ನ ಮೇಲಿನ ಸ್ವರಗಳ ಭಾಗವನ್ನೂ ಕೆಳಗಿನ ಸ್ವರಗಳ ಭಾಗವನ್ನೂ ಬೇರೆ ಬೇರೆ ಚಾನೆಲ್‌ಗಳಿಂದ ನಡೆಸುವ ಸಲಹೆಯೂ ಕೇಳಿಬರುತ್ತದೆ. ಪವರ್ ಸಪ್ಲೈ ಅದೇ ಆಗಿರುವುದರಿಂದ ಅದರಲ್ಲಿ ಹೆಚ್ಚೇನೂ ಸಿಗದು. ಎರಡು ಜೊತೆ ವೈರಿನ ಖರ್ಚು ಮಾತ್ರ ಖಚಿತ.

ಸಂಗೀತ ಪ್ರಿಯರ ವಿಷಯವನ್ನು ಇಲ್ಲಿ ಬೇರೆಯಾಗಿ ಹೇಳಬೇಕು, ಏಕೆಂದರೆ ಧಾರವಾಡ, ಗದಗಗಳಲ್ಲಿ ಸಿನಿಮಾಕ್ಕಿಂತ ಹಿಂದೂಸ್ತಾನಿ ಗಾಯನಕ್ಕೆ ಹೆಚ್ಚು ಹೊತ್ತು ಓಡುವ ಸೆಟ್‌ಗಳು ಕಡಿಮೆಯಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಣಗಳು ಮೊನೊ ಇಲ್ಲವೇ ಎರಡು ಚಾನೆಲ್ಲಿನವು. ಸ್ಟೀರಿಯೊ ಮೋಡ್‌ನಲ್ಲಿ ಕೇಳುವಾಗ ಸರೌಂಡ್ ಚಾನೆಲ್‌ಗಳು ಸುಮ್ಮನಿರುತ್ತವೆ, ರಿಸೀವರ್‌ನ ಇಡೀ ಶಕ್ತಿ ಮುಂದಿನ ಎರಡು ಸ್ಪೀಕರ್‌ಗಳಿಗೇ ಸಲ್ಲುತ್ತದೆ, ಆ ಎರಡು ಚಾನೆಲ್ಲಿನ ವ್ಯಾಟ್ ಲೆಕ್ಕ ಪೂರ್ತಿ ನಿಜವಾಗುವುದು ಆಗಲೇ. ತಂಬೂರಿಯ ಶ್ರುತಿ ಹಿನ್ನೆಲೆಯಲ್ಲಿ ಮೀಟುತ್ತ ಖಯಾಲ್ ವಿಲಂಬಿತದಲ್ಲಿ ಸಾಗುತ್ತಿರುವಾಗ ಸ್ಪೀಕರ್ ಪಡೆಯುವುದು ಒಂದೆರಡು ವ್ಯಾಟ್. ಅಂಥವರು ಆಂಪ್ಲಿಫೈಯರ್‌ಗೆಂದು ತೆಗೆದಿಟ್ಟ ಹಣವನ್ನು ಮುಂದಿನ ಜೋಡಿಗೆ ಸೇರಿಸಿ, ಸರೌಂಡ್ ಸ್ಪೀಕರ್‌ಗಳನ್ನು ಸಾದಾ ಬುಕ್‌ಶೆಲ್ಫ್‌ಗೆ ಇಳಿಸಿದರೂ ಏನೂ ಕೆಡುವುದಿಲ್ಲ.

ಪ್ರೊಸೆಸರ್ ಮತ್ತು ಮಲ್ಟಿ ಚಾನೆಲ್ ಆಂಪ್ಲಿಫೈಯರ್

ಮೇಲ್ಮಹಡಿಯಲ್ಲಿ ಸಿನಿಮಾಕ್ಕೆಂದೇ ಕೋಣೆ ಕಟ್ಟಿಸಿ, ಪ್ರೊಜೆಕ್ಟರ್ ಹಾಕಿ, ಗೋಡೆಗೆ ಅಕೌಸ್ಟಿಕ್ ಪ್ಯಾನೆಲ್ ಹೊಡೆಸುವವರ ಆಯ್ಕೆ ಇದು: ಸದ್ದು ಬಿಡಿಸುವ ಪ್ರೊಸೆಸರ್ ಒಂದು ಡಬ್ಬಿ, ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಆಂಪ್ಲಿಫೈಯರ್ ಇನ್ನೊಂದು. ಖರ್ಚು ದೊಡ್ಡದು, ಜಾಗ ಹೆಚ್ಚು, ಕೆಟ್ಟರೆ ಸಾಗಿಸುವ ತೂಕವೂ ಹೆಚ್ಚು. ಉಳಿದವರು ಇದರ ಬಗ್ಗೆ ಓದಿ ಸಂತೋಷಪಟ್ಟರೆ ಸಾಕು.

ಕಟ್ಟಿಸಿದ 5.1 ಆಂಪ್ಲಿಫೈಯರ್

5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ನಮ್ಮ ಊರುಗಳಲ್ಲಿ ಈ ಆಯ್ಕೆಯನ್ನು ತಳ್ಳಿಹಾಕಲಾಗದು. ಬೋರ್ಡ್, ಟ್ರಾನ್ಸ್‌ಫಾರ್ಮರ್, ಕ್ಯಾಬಿನೆಟ್ ತರಿಸಿ ಜೋಡಿಸಿಕೊಡುವ ನುರಿತ ಕೈಗಳು ಇನ್ನೂ ಇವೆ, ಕೆಟ್ಟರೆ ಐಸಿ ಬದಲಿಸಿ ಸಂಜೆಯೊಳಗೆ ಕೊಡುತ್ತಾರೆ. ಇದರ ಶಕ್ತಿಯನ್ನು ತಿಳಿಯಲು ಮುಂಬದಿಯ ಸ್ಟಿಕ್ಕರ್ ನೋಡದೆ ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಬೇಕು. ಅದರ ಮೇಲೆ 24-0-24, 5 ಆಂಪಿಯರ್ ಎಂದಿದ್ದರೆ 48 ವೋಲ್ಟನ್ನು 5ರಿಂದ ಗುಣಿಸಿ 240 ವೋಲ್ಟ್-ಆಂಪಿಯರ್. ಅದರಲ್ಲಿ ಶಾಖವಾಗಿ ಹೋಗುವುದನ್ನು ಕಳೆದರೆ ಆರೂ ಚಾನೆಲ್‌ಗಳು ಸೇರಿ ಸತತವಾಗಿ ಪಡೆಯುವುದು ನೂರಿಪ್ಪತ್ತು, ನೂರೈವತ್ತು ವ್ಯಾಟ್. ಸ್ಟಿಕ್ಕರ್ ಮೇಲೆ 5000 ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಎನ್ನುವ ಜಾಹೀರಾತಿನ ಅಂಕಿ) ಎಂದು ಬರೆದಿದ್ದರೆ ಅದನ್ನು ಅಲಂಕಾರವೆಂದು ಭಾವಿಸಬೇಕು. ಹಾಗೆಂದು ನೂರಿಪ್ಪತ್ತು ವ್ಯಾಟ್ ಕಡಿಮೆಯೇನಲ್ಲ, ಮೇಲಿನ ಲೆಕ್ಕದಂತೆ ಚಿಕ್ಕ ಹಾಲ್‌ಗೆ ಅದು ಸಾಕು.

ಕೊರತೆ ಇರುವುದು ಬೇರೆ ಕಡೆ. ಇವುಗಳಲ್ಲಿ ಬಳಸುವ ಡಿಕೋಡರ್ ಬೋರ್ಡ್‌ಗಳು ಸಾಮಾನ್ಯವಾಗಿ ಆಪ್ಟಿಕಲ್ ವೈರಿನ ಮೂಲಕ ಬರುವ ಡಾಲ್ಬಿ ಡಿಜಿಟಲ್, ಡಿಟಿಎಸ್ ಎಂಬ ಸರೌಂಡ್ ಸದ್ದಿನ ರೂಪಗಳನ್ನು ಬಿಡಿಸುತ್ತವೆಯೇ ಹೊರತು ಮೇಲಿನ ಸ್ಪೀಕರ್‌ಗಳಿಗೂ ಸದ್ದು ಕೊಡುವ ಅಟ್ಮಾಸ್ ಅನ್ನು ಅಲ್ಲ. ಮೈಕ್ ಇಟ್ಟು ಕೋಣೆಗೆ ಹೊಂದಿಸುವ ಸೌಲಭ್ಯ, ಪ್ರತಿ ಸ್ಪೀಕರ್‌ನ ದೂರಕ್ಕೆ ತಕ್ಕ ವಿಳಂಬ, ಕ್ರಾಸ್‌ಓವರ್ ಆಯ್ಕೆ ಇವೆಲ್ಲ ಬಹುಮಟ್ಟಿಗೆ ಇರುವುದಿಲ್ಲ. ಕೆಳಗೆ ಶಹಾಬಾದ್ ಕಲ್ಲು ಅಥವಾ ಗ್ರಾನೈಟ್, ಮೇಲೆ ಬರಿ ಕಾಂಕ್ರೀಟ್ ಇರುವ ನಮ್ಮ ಹಾಲ್‌ಗಳಲ್ಲಿ ಸದ್ದು ಪುಟಿದು ಮಾತು ಕಲಸಿಹೋಗುತ್ತದೆ. ಅಲ್ಲಿ ಈ ಸೌಲಭ್ಯಗಳ ಬೆಲೆ ವ್ಯಾಟಿಗಿಂತ ಹೆಚ್ಚು. (ಒಂದು ದಪ್ಪ ಜಮಖಾನೆ ಹಾಸಿದರೆ ಯಾವ ಯಂತ್ರ ಕೊಂಡರೂ ಅದು ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.)

ಬಾಡಿಗೆ ಮನೆಯಲ್ಲಿದ್ದು ವರ್ಷ ಎರಡು ವರ್ಷಕ್ಕೆ ಸಾಮಾನು ಕಟ್ಟುವವರಿಗೆ ಇವೆಲ್ಲಕ್ಕಿಂತ ಸಬ್‌ವೂಫರ್ ಮತ್ತು ಹಿಂದಿನ ಸ್ಪೀಕರ್‌ಗಳ ಸಮೇತ ಬರುವ ಸೌಂಡ್‌ಬಾರ್ ಅನುಕೂಲ. ಪವರ್ ಹೊಂದಾಣಿಕೆಯ ಪ್ರಶ್ನೆಯೇ ಅಲ್ಲಿಲ್ಲ. ಆದರೆ ಒಂದು ಭಾಗ ಕೆಟ್ಟರೆ ಅದೇ ಕಂಪನಿಯ ಅದೇ ಭಾಗ ಸಿಗಬೇಕು, ಸ್ಪೀಕರ್ ಒಂದನ್ನೇ ಮೇಲ್ದರ್ಜೆಗೆ ಏರಿಸುವ ದಾರಿ ಇಲ್ಲ.

ಹಣ ಹಂಚುವ ಬಗೆ

ಒಟ್ಟು 50 ಸಾವಿರದೊಳಗೆ ಮುಗಿಸಬೇಕಾದವರು ಹೊಸ ರಿಸೀವರ್ ಮತ್ತು ಐದು ಹೊಸ ಸ್ಪೀಕರ್ ಎರಡನ್ನೂ ಕೊಳ್ಳಲು ಹೋಗಿ ಎರಡರಲ್ಲೂ ಕಳಪೆಗೆ ಇಳಿಯುವುದಕ್ಕಿಂತ, ಕೈ ಬದಲಾದ ರಿಸೀವರ್ ಹುಡುಕುವುದು ಅಥವಾ ಕಟ್ಟಿಸಿದ ಆಂಪ್ಲಿಫೈಯರ್‌ಗೆ ಒಳ್ಳೆಯ ಸ್ಪೀಕರ್ ಜೋಡಿಸುವುದು ವಾಸಿ. ಯಂತ್ರ ಹಳತಾಗುತ್ತದೆ, ಎಚ್‌ಡಿಎಂಐ ಆವೃತ್ತಿ ಬದಲಾಗುತ್ತದೆ. ಒಳ್ಳೆಯ ಸ್ಪೀಕರ್ ಇಪ್ಪತ್ತು ವರ್ಷ ಉಳಿದೀತು. ಒಂದರಿಂದ ಎರಡು ಲಕ್ಷ ಇರುವವರು ಅದರ ಮೂರನೇ ಒಂದು ಭಾಗವನ್ನಷ್ಟೇ ರಿಸೀವರ್‌ಗೆ ಕೊಟ್ಟು ಉಳಿದದ್ದನ್ನು ಸ್ಪೀಕರ್ ಮತ್ತು ಸಬ್‌ವೂಫರ್‌ಗೆ ಹಾಕಲಿ; ಈ ಮೊತ್ತದಲ್ಲಿ ಬೇರೆ ಪವರ್ ಆಂಪ್ಲಿಫೈಯರ್‌ಗೆ ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಅದಕ್ಕೂ ಮೇಲಿನವರು ಪ್ರಿ-ಔಟ್ ಇರುವ ರಿಸೀವರ್ ಕೊಂಡು, ಆರು ತಿಂಗಳು ಅದರಲ್ಲೇ ಕೇಳಿ, ಕೊರತೆ ಕಂಡರೆ ಮಾತ್ರ ಆಂಪ್ಲಿಫೈಯರ್ ಸೇರಿಸಲಿ. ಕೊರತೆಯ ಗುರುತು ಇದು: ವಾಲ್ಯೂಮ್ ಏರಿಸಿದಾಗ ಸದ್ದು ದೊಡ್ಡದಾಗದೆ ಗಡಸಾಗುವುದು, ಸ ಮತ್ತು ಶ ಅಕ್ಷರಗಳು ಸೀಳುವುದು. ಹಾಗೆ ಕೇಳಿದ ಕೂಡಲೇ ವಾಲ್ಯೂಮ್ ಇಳಿಸಬೇಕು, ಏಕೆಂದರೆ ಮಿತಿ ಮೀರಿ ಕ್ಲಿಪ್ ಆಗುವ, ಅಂದರೆ ಸದ್ದಿನ ಅಲೆಯ ತುದಿಗಳನ್ನು ಕತ್ತರಿಸಿಬಿಡುವ ಚಿಕ್ಕ ಆಂಪ್ಲಿಫೈಯರ್ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್‌ಗಳನ್ನು ಸುಟ್ಟುಬಿಡಬಲ್ಲದು.

ಯಾವ ಆಯ್ಕೆಯಾದರೂ ಸರೌಂಡ್ ಸ್ಪೀಕರ್‌ಗಳ ವೈರಿನಲ್ಲಿ ಕಂಜೂಸುತನ ಬೇಡ. ಟಿವಿ ಗೋಡೆಯಿಂದ ಚಾವಣಿ ಸುತ್ತಿ ಸೋಫಾದ ಪಕ್ಕಕ್ಕೆ ಬರುವಷ್ಟರಲ್ಲಿ ಅದು 15 ಮೀಟರ್ ಮುಟ್ಟುತ್ತದೆ. 1.5 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ವೈರಾದರೆ ಹೋಗಿ ಬರುವ ಒಟ್ಟು ರೋಧ ಸುಮಾರು 0.36 ಓಮ್, 8 ಓಮ್ ಸ್ಪೀಕರ್‌ಗೆ ಇದು ನಡೆಯುತ್ತದೆ. 4 ಓಮ್ ಆದರೆ 2.5 ಚದರ ಮಿಲಿಮೀಟರ್ ಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರು ನೋಡಲು ಹಾಗೆಯೇ ಇದ್ದು ಅಗ್ಗಕ್ಕೆ ಸಿಗುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳಿ ಬಣ್ಣ ಕಾಣುತ್ತದೆ. ಗಿಲಾವಿನ ಒಳಗೆ ಹೋಗುವ ವೈರನ್ನು ಅಂಗಡಿಯಲ್ಲೇ ಹೀಗೆ ಕೆರೆದು ನೋಡಿ ಕೊಳ್ಳಬೇಕು.